ಸೆಕೆಂಡ್ ಹ್ಯಾಂಡ್ ಕಾರಿನ ಬ್ರೇಕ್ ಹಿಡಿದುಕೊಳ್ಳುತ್ತಿದೆಯಾ?

ಹೋದ ತಿಂಗಳು ತಂದ ಕಾರನ್ನು 10 ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಮುಂದಿನ ಎಡಚಕ್ರದ ಹತ್ತಿರ ಸುಟ್ಟ ವಾಸನೆ. ಪೆಡಲ್ ಬಿಟ್ಟರೂ ಬ್ರೇಕ್ ಪೂರ್ತಿ ಬಿಡುತ್ತಿರಲಿಲ್ಲ. ಡಿಸ್ಕ್ ಮುಟ್ಟಬೇಡಿ, ಕೈ ಸುಡುತ್ತದೆ. ಚಕ್ರದ ಪಕ್ಕ ಅಂಗೈ ಹಿಡಿದರೆ ಸಾಕು, ಯಾವುದು ಜಾಸ್ತಿ ಬಿಸಿ ಅಂತ ಗೊತ್ತಾಗುತ್ತದೆ.

ಮೆಕ್ಯಾನಿಕ್ ಬ್ರೇಕ್ ಪ್ಯಾಡ್ ಬದಲಿಸೋಣ ಅಂದರೆ ಸುಮ್ನೆ ಒಪ್ಪಬೇಡಿ. ಮೊದಲು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಜಾರುವ ಪಿನ್ ಬಿಚ್ಚಿಸಿ ನೋಡಿ. ನನ್ನ ಕಾರಿನಲ್ಲಿ ಪಿನ್ ಮುಚ್ಚುವ ರಬ್ಬರ್ ಬೂಟ್ ಹರಿದು, ನೀರು ಇಳಿದು, ಪಿನ್ ಕೆಂಪಗೆ ತುಕ್ಕು ಹಿಡಿದಿತ್ತು. ತುಕ್ಕು ಉಜ್ಜಿ, ಬೂಟ್ ಬದಲಿಸಿ, ಬ್ರೇಕ್‌ಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಹಚ್ಚಿಸಿದೆ. ಸರಿಹೋಯ್ತು. ಮಾಮೂಲಿ ಗ್ರೀಸ್ ಬೇಡವೇ ಬೇಡ, ರಬ್ಬರ್ ಉಬ್ಬಿ ಮತ್ತೆ ಹಿಡಿದುಕೊಳ್ಳುತ್ತದೆ. ಪಿನ್ ಸಲೀಸಾಗಿ ಆಡುತ್ತಿದ್ದರೂ ಬಿಸಿಯಾದರೆ ಕ್ಯಾಲಿಪರ್ ಒಳಗೆ ಪ್ಯಾಡ್ ತಳ್ಳುವ ಪಿಸ್ಟನ್ ಹಿಡಿದಿರಬಹುದು, ಅದನ್ನು ಮೆಕ್ಯಾನಿಕ್‌ಗೇ ಬಿಡಿ.

ಮಳೆಗಾಲದಲ್ಲಿ ತುಂಬಾ ದಿನ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ತುಕ್ಕಿಗೆ ಅದೂ ಹಿಡಿದುಕೊಳ್ಳಬಹುದು. ಸಮತಟ್ಟಾದ ಜಾಗದಲ್ಲಿ ಗೇರ್‌ಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.