ಮೂಲೆಯಲ್ಲಿ ನಿಂತ ರೈಲು

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಬಣ್ಣದ ಮರದ ಗೊಂಬೆ ಮಾಡುತ್ತಾರೆ. ಮಾಡುವುದು ನಮಗೆ ಗೊತ್ತು, ಮಾರುವುದು ಗೊತ್ತಿರಲಿಲ್ಲ. ಮಾಲೆಲ್ಲ ಚನ್ನಪಟ್ಟಣದ ರಸ್ತೆ ಬದಿ ಅಂಗಡಿಗಳಿಗೆ ಹೋಗುತ್ತಿತ್ತು. ಮೈಸೂರಿಗೆ ಹೋಗುವವರು ಕಾರು ನಿಲ್ಲಿಸಿ ಕೊಳ್ಳುತ್ತಿದ್ದರು. 2023ರಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಅದು ಊರ ಹೊರಗಿಂದಲೇ ಹಾದುಹೋಗುತ್ತೆ. ಕಾರುಗಳೂ ಆ ಕಡೆಗೇ ಹೋದವು. ಅಂಗಡಿಯವರು ಆರ್ಡರ್ ಕಮ್ಮಿ ಮಾಡಿದರು. ನಾನು ಎರಡು ರಟ್ಟಿನ ಪೆಟ್ಟಿಗೆ ಕಟ್ಟಿಕೊಂಡು ಬೆಂಗಳೂರಿನ ಬಸ್ ಹತ್ತಿದೆ.

ಮೊದಲು ಹೋಗಿದ್ದು ಬಸವನಗುಡಿಯ ಕಡಲೆಕಾಯಿ ಪರಿಷೆಗೆ. ಕಾರ್ತಿಕದ ಕೊನೇ ಸೋಮವಾರ, ಕಾಲಿಡಲು ಜಾಗವಿಲ್ಲ. ಇಷ್ಟು ಜನ ಇದ್ದಾರಲ್ಲ, ಮಧ್ಯಾಹ್ನಕ್ಕೇ ಪೆಟ್ಟಿಗೆ ಖಾಲಿ ಅಂದುಕೊಂಡೆ. ಹನ್ನೊಂದಾದರೂ ಬೋಣಿ ಆಗಲಿಲ್ಲ. ಅಲ್ಲಿ ಯಾರೂ ನಿಲ್ಲುವಂತಿಲ್ಲ, ಹಿಂದಿನವರು ತಳ್ಳುತ್ತಾರೆ. ಒಂದು ಕೈಯಲ್ಲಿ ಕಡಲೆಕಾಯಿ, ಇನ್ನೊಂದರಲ್ಲಿ ಮಗು. ಗೊಂಬೆ ಎತ್ತಿ ನೋಡೋಕೆ ಮೂರನೇ ಕೈ ಬೇಕು! ಸಂಜೆವರೆಗೆ ಹೋಗಿದ್ದೆಲ್ಲ ಮೂವತ್ತು, ನಲವತ್ತು ರೂಪಾಯಿಯ ಬುಗುರಿ, ಕೀ ಚೈನ್. ನಾಲ್ಕು ದಿನ ಕೂತು ಮಾಡಿದ ರೈಲು ಹಾಗೇ ವಾಪಸ್ ಬಂತು. ಜನಜಂಗುಳಿ ಬೇರೆ, ಗಿರಾಕಿ ಬೇರೆ ಅಂತ ಅವತ್ತು ಗೊತ್ತಾಯಿತು.

ಆಮೇಲೆ ಒಂದು ಮೈದಾನದಲ್ಲಿ ಮೂರು ದಿನದ ಮೇಳ. ಅಲ್ಲಿ ಆಗಿದ್ದು ನನ್ನದೇ ತಪ್ಪು. ನಮ್ಮ ಹಳದಿ ಅರಿಶಿನದಿಂದ ಬರುತ್ತೆ. ಅರಿಶಿನಕ್ಕೂ ಬಿಸಿಲಿಗೂ ಆಗಿಬರಲ್ಲ, ಹಳದಿ ಸೀರೆ ಒಗೆದು ಬಿಸಿಲಿಗೆ ಹಾಕಿದವರಿಗೆಲ್ಲ ಇದು ಗೊತ್ತು. ಆದರೂ ಕಣ್ಣಿಗೆ ಹೊಡೆಯಲಿ ಅಂತ ಹಳದಿ ಗೊಂಬೆಗಳನ್ನೇ ಮುಂದಿನ ಸಾಲಿಗೆ ಇಟ್ಟೆ. ಮೂರನೇ ದಿನ ನೋಡಿದರೆ ಒಂದು ಕೆನ್ನೆ ಹಳದಿ, ಇನ್ನೊಂದು ಕೆನ್ನೆ ಬಿಳಿಚಿಕೊಂಡಿತ್ತು. ಈಗ ಮುಂದೆ ಬೇರೆ ಬಣ್ಣ, ಹಳದಿ ಹಿಂದೆ ನೆರಳಲ್ಲಿ. ಮಳೆಯದು ಇನ್ನೊಂದು ಕಥೆ. ಮರ ನೀರು ಕುಡಿದು ಉಬ್ಬುತ್ತೆ, ಕುಂಕುಮದ ಭರಣಿಯ ಮುಚ್ಚಳ ತೆಗೆಯೋಕೇ ಬರಲ್ಲ. ಅದಕ್ಕೇ ಮಳೆಗಾಲದ ಮಾಲಿಗೆ ಮುಚ್ಚಳ ಸ್ವಲ್ಪ ಸಡಿಲವಾಗಿ ಕಡೆಯುತ್ತೇವೆ.

ಚೌಕಾಸಿಯದೇ ದೊಡ್ಡ ತಲೆನೋವು. ಹಿರಿಯರೊಬ್ಬರು, "ಇದು ಟಿಪ್ಪು ಕಾಲದ ಕಲೆ ಕಣಮ್ಮ, ಉಳಿಸಿಕೊಳ್ಳಬೇಕು" ಅಂತ ಹತ್ತು ನಿಮಿಷ ಮಾತಾಡಿ, ನೂರೈವತ್ತರ ಗಿಲಕಿಯನ್ನು ಎಂಬತ್ತಕ್ಕೆ ಕೇಳಿದರು. "ಬರಲ್ಲ ಸಾರ್, ಅಸಲೇ ಅಷ್ಟಾಗುತ್ತೆ" ಅಂದೆ. ನಂಬಲಿಲ್ಲ. ಅವರಾದರೂ ಯಾಕೆ ನಂಬಬೇಕು? ಪಕ್ಕದಲ್ಲೇ ಪ್ಲಾಸ್ಟಿಕ್ ಗಿಲಕಿ ಐವತ್ತಕ್ಕೆ ಇತ್ತು.

ಮುಂದಿನ ಸಲ ಒಂದು ತಟ್ಟೆಯಲ್ಲಿ ನಾಲ್ಕು ತುಂಡು ಇಟ್ಟೆ: ಆಲೆಮರದ ಹಸೀ ತುಂಡು, ಲೇತಿನಲ್ಲಿ ಕಡೆದದ್ದು, ಅರ್ಧ ಬಣ್ಣ ಹಾಕಿದ್ದು, ಪೂರ್ತಿ ಮುಗಿದದ್ದು. ಜೊತೆಗೆ ಒಂದು ಅರಗಿನ ಕಡ್ಡಿ, ಒಂದು ತುಂಡು ತಾಳೆಗರಿ. ತಿರುಗುವ ಮರಕ್ಕೆ ಅರಗು ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತುತ್ತೆ, ಗರಿಯಿಂದ ತಿಕ್ಕಿದರೆ ಹೊಳಪು ಬರುತ್ತೆ, ಬ್ರಷ್ಷಿನ ಕೆಲಸವೇ ಇಲ್ಲ ಅಂತ ತೋರಿಸಿ ಹೇಳುತ್ತೇನೆ. ಅರ್ಧ ಬಣ್ಣದ ತುಂಡನ್ನು ಎಲ್ಲರೂ ಎತ್ತಿಕೊಂಡು ಬೆರಳಾಡಿಸುತ್ತಾರೆ. ಹಾಗೆ ಮುಟ್ಟಿದವರು ಚೌಕಾಸಿಯನ್ನೇನೂ ಬಿಡಲ್ಲ, ಆದರೆ ಅರ್ಧ ಬೆಲೆಗೆ ಮಾತ್ರ ಕೇಳಲ್ಲ.

ಅಪಾರ್ಟ್‌ಮೆಂಟ್ ಮೇಳಗಳಲ್ಲಿ ಇನ್ನೊಂದು ಪ್ರಶ್ನೆ: "ಐಎಸ್‌ಐ ಗುರುತು ಎಲ್ಲಿ?" 2021ರಿಂದ ಆಟಿಕೆಗಳಿಗೆ ಅದು ಕಡ್ಡಾಯ ನಿಜ, ಆದರೆ ನೋಂದಾಯಿತ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ನನ್ನ ಕುಶಲಕರ್ಮಿ ಗುರುತಿನ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ ಮೇಜಿಗೆ ಅಂಟಿಸಿದ್ದೇನೆ.

ಲೆಕ್ಕ ಬರೆಯೋಕೆ ಶುರು ಮಾಡಿದ್ದು ತಡವಾಗಿ. ಒಂದು ಭಾನುವಾರ 4,200 ರೂಪಾಯಿ ವ್ಯಾಪಾರ ಅಂತ ಖುಷಿಯಾಗಿದ್ದೆ. ಸ್ಟಾಲ್ ಬಾಡಿಗೆ 2,000, ಬಸ್ಸು, ಆಟೋ, ಊಟ 600. ಉಳಿದ 1,600ರಲ್ಲಿ ಮರ, ಅರಗು, ಕರೆಂಟು ಬಿಲ್ಲು ಕಳೆದರೆ ನನ್ನ ಕೂಲಿ ಎಲ್ಲಿ? ಈಗ ಬಾಡಿಗೆಯ ನಾಲ್ಕರಷ್ಟು ಮಾರಬಹುದು ಅನ್ನಿಸಿದರೆ ಮಾತ್ರ ಹೋಗುತ್ತೇನೆ.

ಆ ರೈಲು ಇನ್ನೂ ಮಾರಿಲ್ಲ. ಮೇಜಿನ ಮೂಲೆಯಲ್ಲಿ, ಮಕ್ಕಳ ಕಣ್ಣೆತ್ತರಕ್ಕೆ ನಿಲ್ಲಿಸುತ್ತೇನೆ. ಮಕ್ಕಳು ಅದನ್ನು ನೋಡಿ ಅಮ್ಮನ ಸೆರಗು ಎಳೆಯುತ್ತವೆ. ಅಮ್ಮ ಬೆಲೆ ಕೇಳಿ, ಒಂದು ಬುಗುರಿ ಕೊಡಿಸುತ್ತಾಳೆ.