ಬಾಗಿಸಿದ ಬಸ್‌ಬಾರ್‌ಗೆ ಫ್ರೀಕ್ಯಾಡ್‌ನಲ್ಲಿ ಇನ್ಸುಲೇಷನ್ ಪದರ ಹೊದಿಸುವುದು

ಬಸ್‌ಬಾರ್ ಎಂದರೆ ವಿದ್ಯುತ್ ಸಾಗಿಸುವ ಲೋಹದ ಪಟ್ಟಿ. ಫ್ರೀಕ್ಯಾಡ್ ಎಂಬ ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ನೇರ ಬಸ್‌ಬಾರ್‌ಗೆ ಸ್ಲೀವ್ (ಇನ್ಸುಲೇಷನ್ ತೊಡಿಕೆ) ಬಿಡಿಸುವುದು ಎರಡು ನಿಮಿಷದ ಕೆಲಸ. ಬೆಂಡ್ ಬಂದಾಗ ಮಾತ್ರ ಕೈಕೊಡುತ್ತದೆ: ಒಳಮಗ್ಗುಲಲ್ಲಿ ಪದರ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ, ಇಲ್ಲವೇ ತಾಮ್ರಕ್ಕೂ ಪದರಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ಸಂದು ಉಳಿಯುತ್ತದೆ. ತಾಮ್ರದ ಮಾಡೆಲ್ ಮುಗಿದ ಮೇಲೆ ಅದಕ್ಕೆ ಬಟ್ಟೆ ತೊಡಿಸಲು ಹೋಗುವುದೇ ಇದಕ್ಕೆ ಮೂಲ. ಎರಡನ್ನೂ ಒಂದೇ ಪಾತ್ (ಅಡ್ಡಕೊಯ್ತ ಸಾಗುವ ದಾರಿ) ಮೇಲೆ, ಒಂದೇ ಅಳತೆಗಳಿಂದ ಎಳೆದರೆ ಈ ತೊಂದರೆಯೇ ಹುಟ್ಟುವುದಿಲ್ಲ.

ಇಲ್ಲಿ ತೆಗೆದುಕೊಂಡಿರುವುದು 30×5 ಮಿ.ಮೀ. ತಾಮ್ರದ ಪಟ್ಟಿ. ಅಂಚುಗಳಿಗೆ 1 ಮಿ.ಮೀ. ದುಂಡು, ಚಪ್ಪಟೆ ಮಗ್ಗುಲಿಗೆ ಒಂದು 90 ಡಿಗ್ರಿ ಬೆಂಡ್, ಬೆಂಡಿನ ಒಳ ರೇಡಿಯಸ್ 5 ಮಿ.ಮೀ. ಮೇಲೆ 1 ಮಿ.ಮೀ. ದಪ್ಪದ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ) ಸ್ಲೀವ್. ಬೋಲ್ಟ್ ಹಾಕಲು ಎರಡೂ ತುದಿಯಲ್ಲಿ 35 ಮಿ.ಮೀ. ಬರಿ ತಾಮ್ರ. ಹಂತಗಳು ಫ್ರೀಕ್ಯಾಡ್ 1.0 ಆವೃತ್ತಿಯವು.

ಮೌಸ್ ಹಿಡಿಯುವ ಮೊದಲು ಒಂದು ಲೆಕ್ಕ. ಪಾತ್ ಹೋಗುವುದು ಪಟ್ಟಿಯ ನಡುಗೆರೆಯಲ್ಲಿ. ಆದ್ದರಿಂದ ಅದರ ರೇಡಿಯಸ್ = ಒಳ ರೇಡಿಯಸ್ + ದಪ್ಪದ ಅರ್ಧ, ಅಂದರೆ 5 + 2.5 = 7.5 ಮಿ.ಮೀ. ಸ್ಲೀವಿನ ಒಳಮಗ್ಗುಲ ಮೇಲ್ಮೈಗೆ ಉಳಿಯುವ ರೇಡಿಯಸ್ 5 − 1 = 4 ಮಿ.ಮೀ. ಈ ಕೊನೆಯ ಸಂಖ್ಯೆ ಸೊನ್ನೆಗಿಂತ ದೊಡ್ಡದಿರಲೇಬೇಕು. ಒಳ ರೇಡಿಯಸ್ 2.5 ಇದ್ದು 3 ಮಿ.ಮೀ. ದಪ್ಪದ ಪದರ ಕೇಳಿದರೆ ಯಾವ ಕ್ಯಾಡ್ ಸಾಫ್ಟ್‌ವೇರ್ ಕೂಡ ಸರಿಯಾದ ಸಾಲಿಡ್ ಕೊಡಲಾರದು. ಕೆಲವೊಮ್ಮೆ ಎರರ್ ಬರುತ್ತದೆ. ಎರರ್ ಬಾರದೆ ಒಳಗೊಳಗೇ ಕೆಟ್ಟ ಸಾಲಿಡ್ ಬಂದರೆ ಇನ್ನೂ ಕಷ್ಟ, ಅದು ಮೆಷ್ ಮಾಡುವ (ವಿಶ್ಲೇಷಣೆಗಾಗಿ ಸಣ್ಣ ತುಣುಕುಗಳಾಗಿ ಒಡೆಯುವ) ದಿನದವರೆಗೆ ಗೊತ್ತಾಗುವುದಿಲ್ಲ.

ಈಗ ಸ್ಪ್ರೆಡ್‌ಶೀಟ್ ತೆರೆದು ಅಗಲ, ದಪ್ಪ, ಒಳ ರೇಡಿಯಸ್, ಪದರದ ದಪ್ಪ, ಬರಿ ತುದಿಯ ಉದ್ದ ಇವಿಷ್ಟನ್ನೂ ಬರೆದು, ಪ್ರತಿಯೊಂದಕ್ಕೂ ಏಲಿಯಾಸ್ (ಆ ಸೆಲ್‌ಗೊಂದು ಹೆಸರು) ಕೊಡಿ. ಒಂಟಿ ಅಕ್ಷರದ ಹೆಸರು ಬೇಡ. ‘ಟಿ’ ಎಂದರೆ ಟನ್, ‘ಎ’ ಎಂದರೆ ಆಂಪಿಯರ್ ಎಂದು ಫ್ರೀಕ್ಯಾಡ್ ಆಗಲೇ ಇಟ್ಟುಕೊಂಡಿದೆ, ಏಲಿಯಾಸ್ ಒಪ್ಪುವುದಿಲ್ಲ. ಸ್ಕೆಚ್‌ಗಳಲ್ಲಿ ಅಂಕಿ ಟೈಪ್ ಮಾಡದೆ ಈ ಹೆಸರುಗಳನ್ನೇ ಎಕ್ಸ್‌ಪ್ರೆಷನ್ ಆಗಿ ಹಾಕಿ.

ಪಾರ್ಟ್ ಡಿಸೈನ್‌ನಲ್ಲಿ ಮೊದಲ ಬಾಡಿ ತಾಮ್ರದ್ದು. ಎಕ್ಸ್‌ಝಡ್ ಪ್ಲೇನ್ ಮೇಲೆ ಪಾತ್ ಸ್ಕೆಚ್: ಮೂಲಬಿಂದುವಿನಿಂದ ನೇರ ಮೇಲಕ್ಕೆ 120 ಮಿ.ಮೀ. ಗೆರೆ, 7.5 ರೇಡಿಯಸ್‌ನ ಆರ್ಕ್, ಅಲ್ಲಿಂದ ಅಡ್ಡಕ್ಕೆ 80 ಮಿ.ಮೀ. ಗೆರೆ. ಆರ್ಕ್ ಎರಡೂ ಗೆರೆಗಳಿಗೆ ಟ್ಯಾಂಜೆಂಟ್ ಆಗಿರಬೇಕು (ಮೂಲೆಯಿಲ್ಲದೆ ನಯವಾಗಿ ಕೂಡಬೇಕು). ತಪ್ಪಿದರೆ ಅಲ್ಲಿ ಮೂಲೆ ಹುಟ್ಟಿ ಸ್ವೀಪ್ (ಅಡ್ಡಕೊಯ್ತವನ್ನು ಪಾತ್ ಉದ್ದಕ್ಕೆ ಎಳೆಯುವುದು) ಮುರಿಯಬಹುದು. ಎಕ್ಸ್‌ವೈ ಪ್ಲೇನ್ ಮೇಲೆ ಪಟ್ಟಿಯ ಅಡ್ಡಕೊಯ್ತ ಬಿಡಿಸಿ: ಎಕ್ಸ್ ಕಡೆ 5, ವೈ ಕಡೆ 30, ನಡುಬಿಂದು ಮೂಲಬಿಂದುವಿನಲ್ಲಿ, ಮೂಲೆಗಳಿಗೆ 1 ಮಿ.ಮೀ. ಫಿಲೆಟ್ (ದುಂಡು). 5 ಮತ್ತು 30 ಅದಲುಬದಲಾದರೆ ಬೆಂಡ್ ಅಂಚಿನ ಮೇಲೆ ಬೀಳುತ್ತದೆ; ಆಗ ನಡುಗೆರೆಯಿಂದ ಒಳಮಗ್ಗುಲಿಗೆ 15 ಮಿ.ಮೀ., 7.5 ರೇಡಿಯಸ್ ಸಾಲುವುದೇ ಇಲ್ಲ. ಅಡ್ಡಕೊಯ್ತದ ಸ್ಕೆಚ್ ಆರಿಸಿ, ಸ್ವೀಪ್ ಮಾಡುವ ಅಡಿಟಿವ್ ಪೈಪ್ ಒತ್ತಿ, ಪಾತ್ ಸ್ಕೆಚ್ ತೋರಿಸಿ.

ಎರಡನೇ ಬಾಡಿ ಸ್ಲೀವಿನದು. ಅದನ್ನು ಆಕ್ಟಿವ್ ಮಾಡಿಕೊಂಡು, ಟ್ರೀಯಲ್ಲಿ ಪಾತ್ ಸ್ಕೆಚ್ ಆರಿಸಿ, ಸಬ್‌ಶೇಪ್‌ಬೈಂಡರ್ (ಬೇರೆ ಬಾಡಿಯ ಆಕಾರಕ್ಕೆ ಕೊಂಡಿ) ಹಾಕಿ. ಪಾತನ್ನು ಕಾಪಿ ಮಾಡಬೇಡಿ: ನಾಳೆ 120 ಇದ್ದದ್ದು 140 ಆದರೆ ಕಾಪಿ ಅಲ್ಲೇ ನಿಲ್ಲುತ್ತದೆ, ಬೈಂಡರ್ ಜೊತೆಗೆ ಬರುತ್ತದೆ. ಎಕ್ಸ್‌ವೈ ಮೇಲಿನ ಹೊಸ ಸ್ಕೆಚ್‌ನಲ್ಲಿ ಎರಡು ಆಯತ. ಒಳಗಿನದು ತಾಮ್ರದ ಅಳತೆಯದೇ. ಹೊರಗಿನದು 7×32, ಮೂಲೆ ಫಿಲೆಟ್ 2 ಮಿ.ಮೀ.; 1 ಇಟ್ಟರೆ ಮೂಲೆಗಳಲ್ಲಿ ಪದರ ದಪ್ಪಗಾಗುತ್ತದೆ. ಇದನ್ನು ಬೈಂಡರ್ ಉದ್ದಕ್ಕೆ ಅಡಿಟಿವ್ ಪೈಪ್ ಮಾಡಿದರೆ ಟೊಳ್ಳು ಸ್ಲೀವ್ ನೇರವಾಗಿ ಬರುತ್ತದೆ. ತಾಮ್ರವನ್ನು ಕಳೆಯುವ ಬೂಲಿಯನ್ ಬೇಕಾಗುವುದೇ ಇಲ್ಲ, ಮೇಲ್ಮೈಗೆ ಮೇಲ್ಮೈ ಅಂಟಿ ಕೂರುತ್ತದೆ.

ತುದಿಯ ತಾಮ್ರವನ್ನು ಬರಿದಾಗಿಸಲು ಸ್ಲೀವಿನ ಪಾತನ್ನು ಗಿಡ್ಡ ಮಾಡುವುದಕ್ಕಿಂತ, ಕಾರ್ಖಾನೆಯಲ್ಲಿ ಕತ್ತರಿಸುವಂತೆಯೇ ಕತ್ತರಿಸುವುದು ಮೇಲು. ಎಕ್ಸ್‌ಝಡ್ ಮೇಲೆ ಒಂದೇ ಸ್ಕೆಚ್, ಅದರಲ್ಲಿ ಎರಡು ಆಯತ, ಒಂದೊಂದೂ ಪಾತ್ ತುದಿಯಿಂದ ಒಳಕ್ಕೆ 35 ಮಿ.ಮೀ. ಬೈಂಡರ್‌ನ ತುದಿಬಿಂದುಗಳನ್ನು ಎಕ್ಸ್‌ಟರ್ನಲ್ ಜಿಯಾಮೆಟ್ರಿಯಾಗಿ ತಂದು ಅವಕ್ಕೇ ಕಟ್ಟಿ. ನಂತರ ಥ್ರೂ ಆಲ್ ಪಾಕೆಟ್ (ಪೂರ್ತಿ ತೂರಿ ಕತ್ತರಿಸುವುದು), ಪ್ಲೇನಿನ ಎರಡೂ ಕಡೆಗೆ. ಒಂದೇ ಕಡೆಗೆ ಕೊಟ್ಟರೆ ಅರ್ಧ ಸ್ಲೀವ್ ಮಾತ್ರ ಕತ್ತರಿಸುತ್ತದೆ.

ಸರಿಬಂತೇ ಎಂದು ನೋಡಲು ಕಣ್ಣನ್ನು ನಂಬಬೇಡಿ, ಘನ ಅಳತೆಯನ್ನು ನಂಬಿ. ಪೈಥಾನ್ ಕನ್ಸೋಲ್‌ನಲ್ಲಿ ಬಾಡಿಯ ಶೇಪ್‌ನ ವಾಲ್ಯೂಮ್ ಕೇಳಬಹುದು. ನಡುಗೆರೆಯ ಉದ್ದ 120 + 11.78 + 80 = 211.78 ಮಿ.ಮೀ. ತಾಮ್ರದ ಅಡ್ಡಕೊಯ್ತ 149.14 ಚದರ ಮಿ.ಮೀ., ಆದ್ದರಿಂದ ಘನ ಅಳತೆ ಸುಮಾರು 31,585 ಘನ ಮಿ.ಮೀ., ತೂಕ 283 ಗ್ರಾಂ. ಸ್ಲೀವ್ 141.78 ಮಿ.ಮೀ. ಉದ್ದ, 71.42 ಚದರ ಮಿ.ಮೀ.; ಒಟ್ಟು ಸುಮಾರು 10,127 ಘನ ಮಿ.ಮೀ. ಎರಡು ಬಾಡಿಗಳ ಪಾರ್ಟ್ ಕಾಮನ್ (ಎರಡಕ್ಕೂ ಸೇರಿದ ಭಾಗ) ತೆಗೆದರೆ ಘನ ಅಳತೆ ಸೊನ್ನೆ ಬರಬೇಕು. ಏನಾದರೂ ಬಂದರೆ ಒಂದರೊಳಗೊಂದು ಹೊಕ್ಕಿದೆ ಎಂದರ್ಥ.

ಒಳ ರೇಡಿಯಸ್ ಸಾಲದೆ, ಅದನ್ನು ಹೆಚ್ಚಿಸಲೂ ಆಗದಿದ್ದರೆ ಸ್ವೀಪ್ ಬಿಟ್ಟುಬಿಡಿ. ಪಕ್ಕನೋಟದಿಂದ ಸ್ಲೀವಿನ ಹೊರಗೆರೆ ಬಿಡಿಸಿ, ಒಳಮೂಲೆಯನ್ನು ಚೂಪಾಗಿಯೇ ಇಟ್ಟು, ಪ್ಲೇನಿನ ಎರಡೂ ಕಡೆಗೆ ಸಮನಾಗಿ ಒಟ್ಟು 32 ಮಿ.ಮೀ. ಪ್ಯಾಡ್ ಮಾಡಿ (ಸ್ಕೆಚ್‌ಗೆ ದಪ್ಪ ಕೊಟ್ಟು), ಪಾರ್ಟ್ ಕಟ್‌ನಿಂದ ತಾಮ್ರವನ್ನು ಕಳೆಯಿರಿ. ಒಂದೇ ಸಮತಲದ ಬೆಂಡ್‌ಗಳಿಗೆ ಇದು ಸಾಕು.

ಮಾಡೆಲ್‌ನಲ್ಲಿ ಪದರ ಎಲ್ಲ ಕಡೆ 1 ಮಿ.ಮೀ., ನಿಜದಲ್ಲಿ ಹಾಗಿರುವುದಿಲ್ಲ. ಸ್ಲೀವ್ ಹಾಕಿದ ಮೇಲೆ ಬಾಗಿಸಿದರೆ ಹೊರಮಗ್ಗುಲಿನ ಪದರದ ನಡುರೇಡಿಯಸ್ 10.5, ನಡುಗೆರೆಯ 7.5ಕ್ಕೆ ಹೋಲಿಸಿದರೆ 40 ಪ್ರತಿಶತ ಹಿಗ್ಗಬೇಕು. ಅಗಲ ಬದಲಾಗದಿದ್ದರೆ ದಪ್ಪ ಸುಮಾರು 0.7ಕ್ಕೆ ಇಳಿಯುತ್ತದೆ. ಒಳಮಗ್ಗುಲಲ್ಲಿ ಅದೇ ಪದರ 1.7ರ ಹತ್ತಿರ ಉಬ್ಬುತ್ತದೆ, ಇಲ್ಲವೇ ಸುಕ್ಕುಗಟ್ಟುತ್ತದೆ. ವೋಲ್ಟೇಜ್ ತಡೆಯುವ ಲೆಕ್ಕಕ್ಕೆ 0.7 ಹಿಡಿಯಿರಿ, ಪಕ್ಕದ ಭಾಗ ತಾಗುತ್ತದೆಯೇ ಎಂಬ ಲೆಕ್ಕಕ್ಕೆ 1.7. ಮೊದಲು ಬಾಗಿಸಿ ಆಮೇಲೆ ಸ್ಲೀವ್ ಕುಗ್ಗಿಸುವುದಾದರೆ ಹೊರಮಗ್ಗುಲು ಇಷ್ಟು ತೆಳುವಾಗುವುದಿಲ್ಲ, ಡ್ರಾಯಿಂಗ್‌ನಲ್ಲಿ ಈ ಕ್ರಮವನ್ನು ಬರೆದೇ ಕೊಡಿ.

ಶಾಖದ ವಿಶ್ಲೇಷಣೆಗೆ ಕಳಿಸುವುದಿದ್ದರೆ ಎರಡೂ ಬಾಡಿಗಳನ್ನು ಬೂಲಿಯನ್ ಫ್ರಾಗ್‌ಮೆಂಟ್ಸ್‌ಗೆ ಕೊಟ್ಟು, ಮೋಡ್ ಕಾಂಪ್‌ಸಾಲಿಡ್ ಇಡಿ. ಆಗ ತಾಮ್ರ ಮತ್ತು ಸ್ಲೀವ್ ಒಂದೇ ಮುಖವನ್ನು ಹಂಚಿಕೊಳ್ಳುತ್ತವೆ, ಮೆಷ್‌ನ ನೋಡ್‌ಗಳು (ತುಣುಕುಗಳ ಮೂಲೆಬಿಂದುಗಳು) ಕೂಡುತ್ತವೆ. ಇದನ್ನು ಬಿಟ್ಟರೆ ಮೆಷ್ ಚೆನ್ನಾಗಿಯೇ ಕಾಣುತ್ತದೆ, ಆದರೆ ಶಾಖ ತಾಮ್ರದಲ್ಲೇ ಉಳಿದು ಸ್ಲೀವ್ ತಣ್ಣಗಿದೆ ಎಂದು ಫಲಿತಾಂಶ ಬರುತ್ತದೆ.