ಔಷಧಿಗೆ ತೂಕ, ಲಸಿಕೆಗೆ ತಾರೀಕು: ಮನೆಯ ನಾಯಿ, ಬೆಕ್ಕುಗಳನ್ನು ಕಾಯಿಲೆಯಿಂದ ಕಾಯುವ ಬಗೆ

ಮರಿಯನ್ನು ಮೇಜಿನ ಮೇಲೆ ಬಿಟ್ಟ ಕೂಡಲೇ ನಾನು ಮಾಡುವ ಮೊದಲ ಕೆಲಸ ತೂಕ ನೋಡುವುದು. ಸಿರಿಂಜು, ಮಾತ್ರೆ, ಲಸಿಕೆ ಪುಸ್ತಕ ಎಲ್ಲ ಆಮೇಲೆ. ಜಂತುಹುಳುವಿನ ಮಾತ್ರೆಯಿಂದ ಹಿಡಿದು ರಕ್ತ ಹೀರುವ ಉಣ್ಣೆಯ ಔಷಧಿಯವರೆಗೆ ಎಲ್ಲದರ ಅಳತೆ ನಿಂತಿರುವುದು ಕೆಜಿ ಲೆಕ್ಕದ ಮೇಲೆ. ಲಸಿಕೆ ಮಾತ್ರ ಇದಕ್ಕೆ ಹೊರತು. ಎರಡು ಕೆಜಿಯ ಪಮೇರಿಯನ್ ಮರಿಗೂ ನಲವತ್ತು ಕೆಜಿಯ ಲ್ಯಾಬ್ರಡಾರ್‌ಗೂ ಒಂದೇ ಪ್ರಮಾಣ, ಸಾಮಾನ್ಯವಾಗಿ 1 ಮಿ.ಲೀ. ಅಲ್ಲಿ ಲೆಕ್ಕಕ್ಕೆ ಬರುವುದು ತಾರೀಕು. ಮುಂಜಾಗ್ರತೆ ತೆಗೆದುಕೊಂಡೂ ಕಾಯಿಲೆ ಬಂತು ಎಂದು ಬರುವವರ ಪುಸ್ತಕ ತೆಗೆದು ನೋಡಿದರೆ, ಬಹುಪಾಲು ಇವೆರಡರಲ್ಲಿ ಒಂದು ತಪ್ಪಿರುತ್ತದೆ.

ಮನೆಯಲ್ಲಿ ತೂಕ ನೋಡುವುದು ಕಷ್ಟವಲ್ಲ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ಬೆಕ್ಕಿನ ಮರಿಗೂ ಸಣ್ಣ ನಾಯಿಮರಿಗೂ ಈ ಲೆಕ್ಕ ಸಾಲದು. ಅರ್ಧ ಕೆಜಿ ಹೆಚ್ಚುಕಡಿಮೆಯಾದರೂ ಔಷಧಿ ದುಪ್ಪಟ್ಟಾಗಬಹುದು. ಅವನ್ನು ಬುಟ್ಟಿಯಲ್ಲಿ ಕೂರಿಸಿ ಅಡುಗೆಮನೆಯ ಅಥವಾ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಬೇಕು. ಬೆಳೆಯುವ ಮರಿಯ ತೂಕವನ್ನು ಪ್ರತಿ ಸಲ ಹೊಸದಾಗಿ ನೋಡಬೇಕು. ಹೋದ ತಿಂಗಳ ತೂಕಕ್ಕೆ ಕೊಟ್ಟ ಮಾತ್ರೆ ಈ ತಿಂಗಳಿಗೆ ಅರ್ಧ ಅಳತೆಯಾಗಿರುತ್ತದೆ, ಹುಳು ಸಾಯುವುದಿಲ್ಲ.

ಜಂತುಹುಳುವಿನ ಔಷಧಿಯನ್ನು ನಾಯಿಮರಿಗೆ ಎರಡನೇ ವಾರದಲ್ಲೇ ಶುರುಮಾಡುತ್ತೇನೆ. ಇಷ್ಟು ಬೇಗ ಏಕೆ ಎಂದು ಎಲ್ಲರೂ ಕೇಳುತ್ತಾರೆ. ದುಂಡುಹುಳುವಿನ ಮರಿಗಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗಳ ಮೈಗೆ ಸೇರುತ್ತವೆ, ಕೊಕ್ಕೆಹುಳು ಹಾಲಿನ ಮೂಲಕ ಬರುತ್ತದೆ. ಹಾಗಾಗಿ ಮನೆಯೊಳಗೇ ಹುಟ್ಟಿ, ಮಣ್ಣನ್ನೇ ಮುಟ್ಟದ ಮರಿಗೂ ಹುಳು ಇರುತ್ತದೆ. ಎರಡು ವಾರಕ್ಕೊಮ್ಮೆ ಎಂಟು ವಾರದವರೆಗೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ನಂತರ ಮೂರು ತಿಂಗಳಿಗೊಮ್ಮೆ. ಮರಿಗಳಿಗೆ ಕೊಟ್ಟ ದಿನವೇ ತಾಯಿಗೂ ಕೊಡಬೇಕು. ಬೆಕ್ಕಿನ ಮರಿಗೆ ಹುಳು ಬರುವುದು ಹಾಲಿನಿಂದ, ಹೊಟ್ಟೆಯಲ್ಲಿರುವಾಗ ಅಲ್ಲ. ಅದಕ್ಕೆ ಮೂರನೇ ವಾರದಿಂದ ಶುರುಮಾಡಿದರೆ ಸಾಕು.

ಎಳೆ ಮರಿಗೆ ಪೈರಾಂಟೆಲ್ ದ್ರವ ಸಾಕು. ದೊಡ್ಡ ನಾಯಿಗೆ ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಮೂರೂ ಸೇರಿದ ಮಾತ್ರೆ, 10 ಕೆಜಿಗೆ ಒಂದರಂತೆ. ಬೆಕ್ಕಿಗೆ ಬೆಕ್ಕಿನದೇ ಮಾತ್ರೆ ಕೇಳಿ ತೆಗೆದುಕೊಳ್ಳಿ. ಹೊಟ್ಟೆ ಉಬ್ಬಿ, ಬೆನ್ನೆಲುಬು ಕಾಣುವ ಬೀದಿ ಮರಿಯಾದರೆ ನನ್ನ ಆಯ್ಕೆ ಬೇರೆ: ಫೆನ್‌ಬೆಂಡಜೋಲ್, ಕೆಜಿಗೆ 50 ಮಿ.ಗ್ರಾಂ, ದಿನಕ್ಕೊಮ್ಮೆಯಂತೆ ಮೂರು ದಿನ. ಅದು ಹುಳುಗಳನ್ನು ನಿಧಾನವಾಗಿ ಕೊಲ್ಲುತ್ತದೆ. ನೂರಾರು ಹುಳು ಒಂದೇ ಏಟಿಗೆ ಸಡಿಲಗೊಂಡರೆ ಎಳೆ ಕರುಳು ಕಟ್ಟಿಕೊಳ್ಳುವ ಅಪಾಯವಿದೆ. ಗುದದ ಬಳಿ, ಮಲಗುವ ಬಟ್ಟೆಯ ಮೇಲೆ ಅಕ್ಕಿಕಾಳಿನಂಥ ತುಣುಕು ಕಂಡರೆ ಅದು ಲಾಡಿಹುಳು, ಮತ್ತು ಅದು ಹೆಚ್ಚಾಗಿ ಬರುವುದು ಚಿಗಟವನ್ನು ನುಂಗಿ. ಅಲ್ಲಿ ಮಾತ್ರೆಯೊಂದನ್ನೇ ಕೊಟ್ಟು ಸುಮ್ಮನಾದರೆ ತಿಂಗಳೊಳಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಚಿಗಟಕ್ಕೂ ಅದೇ ವಾರ ಔಷಧಿ ಬೇಕು.

ಇನ್ನು ಲಸಿಕೆ. ಪಾರ್ವೊ, ಡಿಸ್ಟೆಂಪರ್‌ನಂಥ ವೈರಸ್ ರೋಗಗಳಿಗೆ ಒಂದೇ ಲಸಿಕೆಯನ್ನು ಮೂರು ಸಲ ಏಕೆ ಚುಚ್ಚಿಸಬೇಕು ಎಂಬುದನ್ನು ತಿಳಿದುಕೊಂಡವರು ತಾರೀಕು ತಪ್ಪಿಸುವುದಿಲ್ಲ. ಗಿಣ್ಣುಹಾಲಿನ ಜೊತೆ ತಾಯಿಯ ರೋಗನಿರೋಧಕ ಕಣಗಳು ಮರಿಗೆ ಬಂದಿರುತ್ತವೆ. ಅವು ಮರಿಯನ್ನು ಕಾಯುತ್ತವೆ, ಜೊತೆಗೆ ನಾವು ಚುಚ್ಚಿದ ಲಸಿಕೆಯನ್ನೂ ಅಳಿಸಿಹಾಕುತ್ತವೆ. ಒಂದು ಮರಿಯಲ್ಲಿ ಅವು ಎಂಟನೇ ವಾರಕ್ಕೇ ಕರಗಬಹುದು, ಇನ್ನೊಂದರಲ್ಲಿ ಹದಿನಾಲ್ಕನೇ ವಾರದವರೆಗೂ ಉಳಿಯಬಹುದು. ಯಾವ ಮರಿಯಲ್ಲಿ ಎಂದು ಹೊರಗಿನಿಂದ ಹೇಳಲಾಗದು. ಅದಕ್ಕೇ 6ರಿಂದ 8 ವಾರದೊಳಗೆ ಶುರುಮಾಡಿ 3ರಿಂದ 4 ವಾರಕ್ಕೊಮ್ಮೆ ಕೊಡುತ್ತಾ, ಕೊನೆಯದನ್ನು 16 ವಾರ ತುಂಬಿದ ಮೇಲೆ ಕೊಡುವುದು. ಎಷ್ಟು ಸಲ ಕೊಟ್ಟಿರಿ ಎಂಬುದಕ್ಕಿಂತ ಕೊನೆಯದನ್ನು ಯಾವ ವಯಸ್ಸಿಗೆ ಕೊಟ್ಟಿರಿ ಎಂಬುದೇ ಮುಖ್ಯ. ‘ಎರಡು ಇಂಜೆಕ್ಷನ್ ಆಗಿದೆ ಸಾರ್, ಆದರೂ ಪಾರ್ವೊ ಬಂತು’ ಎಂದು ರಕ್ತಭೇದಿಯ ಮರಿಯನ್ನು ಎತ್ತಿಕೊಂಡು ಬರುವವರಲ್ಲಿ ಅನೇಕರ ಪುಸ್ತಕದಲ್ಲಿ ಎರಡನೆಯ ಡೋಸು ಹತ್ತನೇ ವಾರಕ್ಕೇ ಮುಗಿದಿರುತ್ತದೆ.

ಕೊನೆಯ ಡೋಸಿನ ನಂತರ ಎರಡು ವಾರದವರೆಗೆ ಮರಿಯನ್ನು ಬೀದಿಗೆ, ಪಾರ್ಕಿಗೆ ಇಳಿಸಬಾರದು. ಆಸ್ಪತ್ರೆಯ ನೆಲಕ್ಕಂತೂ ಬಿಡಲೇಬೇಡಿ, ಮಡಿಲಲ್ಲೇ ಇರಲಿ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮನೆಯಲ್ಲಿ ನೆಲ ಒರೆಸುವ ಫಿನಾಯಿಲನ್ನು ನಂಬಿ ಕೂರುವಂತಿಲ್ಲ. ಹಿಂದಿನ ಮರಿ ಪಾರ್ವೊದಿಂದ ಸತ್ತ ಮನೆಗೆ ಹೊಸ ಮರಿ ತರುವ ಮುಂಚೆ ನೆಲವನ್ನು ಸೋಪು ಹಾಕಿ ಉಜ್ಜಿ ತೊಳೆದು, ಆಮೇಲೆ ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ಒದ್ದೆಯಾಗಿಯೇ ಇರುವಂತೆ ಬಿಡಬೇಕು. ಕೊಳೆಯ ಮೇಲೆ ನೇರವಾಗಿ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಹೋಗುತ್ತದೆ.

ಲಸಿಕೆಯ ಬಾಟಲಿ ನಿಮ್ಮ ಕಣ್ಣೆದುರೇ ಫ್ರಿಜ್ಜಿನಿಂದ ಬರಲಿ. 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಅದು ಇರಬೇಕು. ಪುಡಿರೂಪದ ಜೀವಂತ ಲಸಿಕೆ ಬಿಸಿಗೆ ಕೆಡುತ್ತದೆ. ರೇಬೀಸ್ ಲಸಿಕೆ ಹೆಪ್ಪುಗಟ್ಟಿದರೆ ಕೆಡುತ್ತದೆ. ಮೆಡಿಕಲ್ ಸ್ಟೋರಿನಿಂದ ಕೊಂಡು ತರುವವರು ಅದನ್ನು ಐಸ್‌ಗೆ ನೇರವಾಗಿ ತಾಗಿಸದೆ, ಮಧ್ಯೆ ಬಟ್ಟೆ ಇಟ್ಟು ತರಬೇಕು. ಪುಡಿಗೆ ದ್ರವ ಬೆರೆಸಿದ ಮೇಲೆ ತಡಮಾಡದೆ ಚುಚ್ಚಬೇಕು. ಬಾಟಲಿಯ ಚೀಟಿ, ಬ್ಯಾಚ್ ನಂಬರ್ ಪುಸ್ತಕಕ್ಕೆ ಅಂಟಿಸಿಕೊಳ್ಳಿ. ಚುಚ್ಚುವ ಮುಂಚೆ ನಾನು ಜ್ವರ ನೋಡುತ್ತೇನೆ. 38ರಿಂದ 39.2 ಡಿಗ್ರಿ ನಾಯಿಗೂ ಬೆಕ್ಕಿಗೂ ಸಹಜ. ಅದಕ್ಕಿಂತ ಹೆಚ್ಚಿದ್ದರೆ, ಭೇದಿಯಿದ್ದರೆ ವಾಪಸ್ ಕಳಿಸುತ್ತೇನೆ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದು ಮುಖ ಊದಿಕೊಳ್ಳುವುದು, ವಾಂತಿ, ತಲೆಸುತ್ತಿ ಬೀಳುವುದು ಆದರೆ ತಕ್ಷಣ ನೋಡಲೆಂದು. ಒಂದು ದಿನದ ಮಂಕು, ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು, ಇವಕ್ಕೆ ಹೆದರಬೇಕಿಲ್ಲ.

ರೇಬೀಸ್ ಲಸಿಕೆ 12 ವಾರ ತುಂಬಿದ ಮೇಲೆ. ನಮ್ಮಂತೆ ರೋಗ ಎಲ್ಲೆಡೆ ಇರುವ ಕಡೆ 2ರಿಂದ 4 ವಾರದ ನಂತರ ಇನ್ನೊಂದು ಕೊಡುವುದು ಒಳ್ಳೆಯದು, ಆಮೇಲೆ ವರ್ಷಕ್ಕೊಮ್ಮೆ. ದುಡ್ಡಿನ ತೊಂದರೆಯಿರುವವರಿಗೆ ಜುಲೈ 6 ಮತ್ತು ಸೆಪ್ಟೆಂಬರ್ 28 ನೆನಪಿಟ್ಟುಕೊಳ್ಳಲು ಹೇಳುತ್ತೇನೆ. ಪ್ರಾಣಿಜನ್ಯ ರೋಗಗಳ ದಿನ ಮತ್ತು ವಿಶ್ವ ರೇಬೀಸ್ ದಿನದ ಸಮಯದಲ್ಲಿ ಅನೇಕ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಈ ಲಸಿಕೆ ಉಚಿತ. ಇಲಿಜ್ವರದ ಲಸಿಕೆಯ ಬಲ ಒಂದು ವರ್ಷಕ್ಕೇ ಮುಗಿಯುತ್ತದೆ, ಮೊದಲ ಸಲ ಎರಡು ಡೋಸು ಬೇಕು. ಮಲೆನಾಡು, ಕರಾವಳಿಯ ನಾಯಿಗಳಿಗೆ ಎರಡನೆಯ ಡೋಸು ಮೇ ಮುಗಿಯುವುದರೊಳಗೆ ಆಗಿರುವಂತೆ ತಾರೀಕು ಹಾಕುತ್ತೇನೆ. ಮಳೆ ಹಿಡಿದು, ಗದ್ದೆಯ ನೀರಲ್ಲಿ ಇಲಿಯ ಮೂತ್ರ ಬೆರೆತ ಮೇಲೆ ಕೊಟ್ಟರೆ ತಡವಾಯಿತು. ಈ ರೋಗಾಣುವಿನಲ್ಲಿ ಬಗೆಗಳು ಹಲವು, ಲಸಿಕೆಯಲ್ಲಿರುವುದು ಕೆಲವು ಮಾತ್ರ. ಹಾಗಾಗಿ ನಿಂತ ನೀರು ಕುಡಿಯಲು ಬಿಡದಿರುವುದು, ಇಲಿ ಕಡಿಮೆ ಮಾಡುವುದು ಲಸಿಕೆಯ ನಂತರವೂ ತಪ್ಪದು. ಡಿಸ್ಟೆಂಪರ್, ಪಾರ್ವೊ ಲಸಿಕೆಗೆ ಮೊದಲ ವರ್ಷದ ಬೂಸ್ಟರ್ ಆದಮೇಲೆ ಮೂರು ವರ್ಷಕ್ಕೊಮ್ಮೆ ಸಾಕು.

‘ನಮ್ಮ ಬೆಕ್ಕು ಹೊಸ್ತಿಲು ದಾಟುವುದಿಲ್ಲ’ ಎನ್ನುವವರಿಗೆ ಒಂದು ಮಾತು. ಬೆಕ್ಕಿನ ಪ್ಯಾನ್‌ಲ್ಯೂಕೋಪೀನಿಯ ವೈರಸ್ ಪಾರ್ವೊದ ಹತ್ತಿರದ ನೆಂಟ, ನಿಮ್ಮ ಚಪ್ಪಲಿಗೆ ಅಂಟಿಕೊಂಡೇ ಒಳಗೆ ಬರುತ್ತದೆ. 8 ವಾರಕ್ಕೆ ಶುರುಮಾಡಿ 16 ವಾರದವರೆಗೆ ಅದಕ್ಕೂ ಇದೇ ಕ್ರಮ. ರೇಬೀಸ್ ಲಸಿಕೆಯೂ ನಾಯಿಗೆ ಹೇಳಿದಂತೆಯೇ.

ನಮ್ಮ ಕಡೆ ಅತಿ ಹೆಚ್ಚು ಕಾಡುವುದು, ಅತಿ ಹೆಚ್ಚು ತಪ್ಪಾಗುವುದು ಉಣ್ಣೆಯ ವಿಷಯದಲ್ಲಿ. ನಾಯಿಯ ಕಂದು ಉಣ್ಣೆ ಕಾಡಿನದಲ್ಲ, ಮನೆಯದು. ಮರಿಯಾಗಿ, ಎಳೆಯದಾಗಿ, ಬಲಿತು, ಹೀಗೆ ಮೂರು ಸಲ ನಾಯಿಯನ್ನು ಹತ್ತಿ ರಕ್ತ ಕುಡಿದು ಮೂರು ಸಲವೂ ಕೆಳಗಿಳಿಯುತ್ತದೆ. ಹೆಣ್ಣು ಉಣ್ಣೆ ಗೋಡೆ ಹತ್ತಿ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ, ಮಂಚದ ಕೆಳಗೆ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಯ ಮೈಮೇಲೆ ಕಾಣುವುದು ಮನೆಯಲ್ಲಿರುವ ಒಟ್ಟು ಉಣ್ಣೆಯ ಸಣ್ಣ ಭಾಗ. ನಾಯಿಗೆ ಮಾತ್ರ ಔಷಧಿ ಹಾಕಿ, ‘ಔಷಧಿ ಸರಿಯಿಲ್ಲ’ ಎಂದು ಬದಲಾಯಿಸುತ್ತಾ ಹೋಗುವುದು ಇದರಿಂದಲೇ. ಬಿರುಕುಗಳನ್ನು ಸಿಮೆಂಟು ಅಥವಾ ಪುಟ್ಟಿಯಿಂದ ಮುಚ್ಚಿ, ನಾಯಿ ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಕುದಿನೀರಿಗೆ ಹಾಕಿ, ಮನೆಯ ಎಲ್ಲ ನಾಯಿಗಳಿಗೂ ಒಂದೇ ದಿನ ಔಷಧಿ ಕೊಟ್ಟು, ಎಡೆಬಿಡದೆ ಕೆಲವು ತಿಂಗಳು ಮುಂದುವರಿಸಿದರೆ ಮಾತ್ರ ಮನೆ ಖಾಲಿಯಾಗುತ್ತದೆ.

ನಾಯಿಗೆ ಈಗ ನಾನು ಹೆಚ್ಚು ಬಳಸುವುದು ತಿನ್ನಿಸುವ ಮಾತ್ರೆ: ಫ್ಲುರಲೇನರ್ ಆದರೆ ಒಂದು ಮಾತ್ರೆಯ ಬಲ 12 ವಾರ, ಅಫಾಕ್ಸೊಲೇನರ್ ಆದರೆ ಒಂದು ತಿಂಗಳು. ಪೊಟ್ಟಣದ ಮೇಲಿನ ತೂಕದ ಮಿತಿಗೆ ಸರಿಯಾದದ್ದನ್ನೇ ಕೊಡಿ. ದೊಡ್ಡ ಮಾತ್ರೆ ಕೊಂಡು ಎರಡು ನಾಯಿಗೆ ಹಂಚುವುದು ಬೇಡ. ಊಟದ ಜೊತೆ ಕೊಟ್ಟರೆ ಫ್ಲುರಲೇನರ್ ಚೆನ್ನಾಗಿ ಮೈಗೆ ಹತ್ತುತ್ತದೆ. ಫಿಟ್ಸ್ ಬರುವ ನಾಯಿಗೆ ಈ ಗುಂಪಿನ ಮಾತ್ರೆಗಳನ್ನು ನಾನು ಕೊಡುವುದಿಲ್ಲ. ಫಿಪ್ರೊನಿಲ್ ಹನಿ ಹಾಕುವುದಾದರೆ ಕೂದಲನ್ನು ಸರಿಸಿ ಚರ್ಮದ ಮೇಲೇ ಬೀಳಬೇಕು, ಹಿಂದೆ ಮುಂದೆ ಎರಡೆರಡು ದಿನ ಸ್ನಾನ ಬೇಡ. ಶಾಂಪೂ ಚರ್ಮದ ಎಣ್ಣೆಯನ್ನು ತೊಳೆದುಬಿಟ್ಟರೆ ಔಷಧಿ ಹರಡಲು ದಾರಿಯಿರುವುದಿಲ್ಲ. ಅಮಿಟ್ರಾಜ್ ದ್ರಾವಣ 12.5 ಶೇಕಡದ್ದು ಅಗ್ಗ, ಲೀಟರ್ ನೀರಿಗೆ 2 ಮಿ.ಲೀ.; ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡು ಹಚ್ಚಿ, ಒಣಗುವವರೆಗೆ ನೆಕ್ಕಲು ಬಿಡಬೇಡಿ. ಮರಿಗಳಿಗೆ, ಬೆಕ್ಕಿಗೆ, ಸಕ್ಕರೆ ಕಾಯಿಲೆಯ ನಾಯಿಗೆ ಅದು ಸಲ್ಲದು. ಸೀಮೆಎಣ್ಣೆ ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿ. ಚರ್ಮ ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ನಾಯಿಯ ಉಣ್ಣೆ ಔಷಧಿಯನ್ನು ಬೆಕ್ಕಿಗೆ ಹಾಕುವುದು ನನಗೆ ಅತ್ಯಂತ ಭಯದ ಸಂಗತಿ. ಪರ್ಮೆಥ್ರಿನ್ ಇರುವ ಪುಡಿ ಅಥವಾ ಹನಿ ಬೆಕ್ಕನ್ನು ನಡುಕ, ಫಿಟ್ಸ್‌ಗೆ ತಳ್ಳಿ ಕೊಲ್ಲುತ್ತದೆ. ಬೆಕ್ಕಿನ ಯಕೃತ್ತಿಗೆ ಅದನ್ನು ಮುರಿಯುವ ಶಕ್ತಿ ಇಲ್ಲ. ನಾಯಿಗೆ ಆ ಹನಿ ಹಾಕಿದ್ದರೂ ಮೂರು ದಿನ ಎರಡನ್ನೂ ಬೇರೆ ಮಲಗಿಸಿ. ಜ್ವರವೆಂದು ಪ್ಯಾರಾಸಿಟಮಾಲ್ ಕೊಡುವುದೂ ಬೆಕ್ಕಿಗೆ ಅಷ್ಟೇ ಮಾರಕ.

ದಿನಕ್ಕೆ ಐದು ನಿಮಿಷ ಬೆರಳಾಡಿಸಿ: ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಾಲರ್ ಅಡಿ, ಕಂಕುಳು, ಬಾಲದ ಕೆಳಗೆ. ಸಿಕ್ಕ ಉಣ್ಣೆಯನ್ನು ಚರ್ಮಕ್ಕೆ ತಾಗಿಸಿ ಚಿಮಟದಲ್ಲಿ ಹಿಡಿದು ನೇರ ಎಳೆಯಿರಿ, ಸ್ಪಿರಿಟ್ಟಿಗೆ ಹಾಕಿ, ಉಗುರಿನಲ್ಲಿ ಹಿಸುಕಬೇಡಿ. ಉಣ್ಣೆ ಇದ್ದ ನಾಯಿ ಊಟ ಬಿಟ್ಟು, ವಸಡು ಬಿಳುಚಿ, ಮೂಗಿನಲ್ಲಿ ರಕ್ತ ಬಂದರೆ ಅವತ್ತೇ ರಕ್ತ ಪರೀಕ್ಷೆ ಆಗಬೇಕು. ಉಣ್ಣೆ ಹರಡುವ ಎರ್ಲಿಕಿಯಾ, ಬೆಬೀಸಿಯಾ ಎಂಬ ಎರಡು ರೋಗಾಣುಗಳಿಗೂ ಚಿಕಿತ್ಸೆ ಬೇರೆ ಬೇರೆ.

ಉಳಿದವು ಚಿಕ್ಕ ಅಭ್ಯಾಸಗಳು. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಮುಧೋಳ ನಾಯಿಗೆ ಮಾತ್ರ ಒಂದೆರಡು ಕಂಡರೂ ಸಹಜ. ಹಲ್ಲನ್ನು ಮೃದು ಬ್ರಷ್ಷಿನಿಂದ ಉಜ್ಜಿ, ನಮ್ಮ ಪೇಸ್ಟು ಮಾತ್ರ ಬೇಡ. ಮರಿ ಬೇಡವೆನ್ನುವ ಹೆಣ್ಣುನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಗರ್ಭಕೋಶದಲ್ಲಿ ಕೀವು ತುಂಬುವುದನ್ನೂ ತಡೆಯುತ್ತದೆ. ಮಾಡಿಸದ ನಾಯಿ ಬೆದೆ ಮುಗಿದ ಒಂದೆರಡು ತಿಂಗಳೊಳಗೆ ಹೆಚ್ಚು ನೀರು ಕುಡಿದು ಮಂಕಾದರೆ ಕಾಯಬೇಡಿ.

ಲಸಿಕೆಯಾದ ನಾಯಿಗೂ ಬೀದಿ ನಾಯಿ ಕಚ್ಚಿದರೆ ಕೈಗವಸು ಹಾಕಿಕೊಂಡು, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಮೆತ್ತಬೇಡಿ. ಲಸಿಕೆ ಪುಸ್ತಕ ಹಿಡಿದು ಅವತ್ತೇ ಪಶುವೈದ್ಯರ ಬಳಿ ಬೂಸ್ಟರ್ ಹಾಕಿಸಿ. ಆ ಗಾಯವನ್ನು ಬರಿಗೈಯಲ್ಲಿ ಮುಟ್ಟಿದವರಿದ್ದರೆ, ಅವರ ಕೈಯಲ್ಲಿ ಗೀರು ಇದ್ದರೆ, ಅವರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.